ಮನೆ ನಮ್ಮದು, ಬೀಗ ಅವರದು: ಒತ್ತೆ ತಂತ್ರಾಂಶದ ಮೂರೂವರೆ ದಶಕ

ಮುಂಬಯಿಯಲ್ಲಿ ಸಂಸಾರ ಹೂಡಿದವರಿಗೆಲ್ಲ ಲ್ಯಾಚ್ ಬೀಗದ ಮಹಿಮೆ ಗೊತ್ತು. ಹಾಲಿನವನು ಬಂದನೆಂದು ಹೊರಗೆ ಒಂದು ಹೆಜ್ಜೆ ಇಟ್ಟಾಗ ಗಾಳಿಗೆ ಬಾಗಿಲು ತಾನಾಗಿಯೇ ಮುಚ್ಚಿಕೊಂಡರೆ ಮುಗಿಯಿತು; ಒಲೆಯ ಮೇಲೆ ಕುಕ್ಕರು, ಒಳಗೆ ಕೀಲಿಕೈ, ಹೊರಗೆ ನಾವು. ಊರಿನ ತಲೆಬಾಗಿಲಿಗೆ ಅಗುಳಿ ಹಾಕಿ ಬೆಳೆದವರಿಗೆ ಇದು ಹೊಸ ಅನುಭವ. ಆದುದರಿಂದಲೇ ಇಲ್ಲಿಗೆ ಬಂದ ಪ್ರತಿಯೊಂದು ಕುಟುಂಬವೂ ಮೊದಲ ವರ್ಷದಲ್ಲಿಯೇ ಒಂದು ಪಾಠ ಕಲಿತುಬಿಡುತ್ತದೆ: ಎರಡನೆಯ ಕೀಲಿಕೈಯನ್ನು ಪಕ್ಕದ ಮನೆಯಲ್ಲಿ ಕೊಟ್ಟಿಡಬೇಕು.

ಈಗ ಕಲ್ಪಿಸಿಕೊಳ್ಳಿ. ಯಾರೋ ಅಪರಿಚಿತನೊಬ್ಬ ಯಾವುದೋ ನೆಪದಿಂದ ಒಳಗೆ ಬಂದು, ಏನನ್ನೂ ಕದಿಯದೆ, ಕಪಾಟು, ಪೆಟ್ಟಿಗೆ, ದೇವರ ಗೂಡು ಎಲ್ಲಕ್ಕೂ ತನ್ನದೇ ಬೀಗ ಜಡಿದು ಹೋಗುತ್ತಾನೆ. ಮೇಜಿನ ಮೇಲೆ ಒಂದು ಚೀಟಿ: ‘ನಿಮ್ಮ ಸಾಮಾನು ನಿಮ್ಮಲ್ಲಿಯೇ ಇದೆ. ಕೀಲಿಕೈ ಬೇಕಾದರೆ ಇಷ್ಟು ಹಣ ಕಳಿಸಿ.’ ಕಂಪ್ಯೂಟರಿನ ಲೋಕದಲ್ಲಿ ಈ ಕೆಲಸ ಮಾಡುವ ತಂತ್ರಾಂಶಕ್ಕೆ ರ‍್ಯಾನ್ಸಮ್‌ವೇರ್ ಎಂದು ಹೆಸರು. ಮನುಷ್ಯರನ್ನು ಒತ್ತೆಯಾಗಿಟ್ಟು ಹಣ ಕೇಳುವಂತೆ ನಮ್ಮ ಕಡತಗಳನ್ನು ಒತ್ತೆಯಿಟ್ಟು ಹಣ ಕೇಳುವ ಇದನ್ನು ಈ ಲೇಖನದಲ್ಲಿ ‘ಒತ್ತೆ ತಂತ್ರಾಂಶ’ ಎಂದು ಕರೆಯುತ್ತೇವೆ.

ಇದು ದೊಡ್ಡ ಕಂಪನಿಗಳ ತಲೆನೋವು, ನಮಗೇಕೆ ಎಂದು ವಾಚಕರು ಕೇಳಬಹುದು. ನಾವೂ ಹಾಗೆಯೇ ತಿಳಿದಿದ್ದೆವು, 2020ರ ಏಪ್ರಿಲ್ ತಿಂಗಳವರೆಗೆ. ಆ ಕಥೆಯನ್ನು ಮುಂದೆ ಹೇಳುತ್ತೇವೆ. ಅದಕ್ಕೂ ಮೊದಲು ಈ ಪಿಡುಗಿನ ಹುಟ್ಟು ಬೆಳವಣಿಗೆಗಳನ್ನು ತಿಳಿದುಕೊಳ್ಳುವುದು ಲೇಸು. ಏಕೆಂದರೆ ಈ ಇತಿಹಾಸದಲ್ಲಿ ಕಳ್ಳರ ಹೆಸರು ಬದಲಾಗಿದೆ, ಬೀಗದ ಜಾತಿ ಬದಲಾಗಿದೆ, ಪಾರಾದವರ ಉಪಾಯ ಮಾತ್ರ ಹೆಚ್ಚು ಬದಲಾಗಿಲ್ಲ.

ಅಂಚೆಯಲ್ಲಿ ಬಂದ ಫ್ಲಾಪಿ

1989ರ ಡಿಸೆಂಬರ್ ತಿಂಗಳಲ್ಲಿ ಲಂಡನ್ನಿನಿಂದ ಸುಮಾರು 20,000 ಫ್ಲಾಪಿ ಡಿಸ್ಕುಗಳು ಹಲವು ದೇಶಗಳ ವಿಳಾಸಗಳಿಗೆ ಅಂಚೆಯಲ್ಲಿ ಹೋದವು. ಒಂದು ಕಂಪ್ಯೂಟರ್ ಪತ್ರಿಕೆಯ ಚಂದಾದಾರರು ಹಾಗೂ ಏಡ್ಸ್ ರೋಗದ ಬಗ್ಗೆ ನಡೆದ ಅಂತರರಾಷ್ಟ್ರೀಯ ಸಮ್ಮೇಳನಕ್ಕೆ ಹೋಗಿದ್ದ ಪ್ರತಿನಿಧಿಗಳು ಅವನ್ನು ಪಡೆದವರು. ಡಿಸ್ಕಿನಲ್ಲಿ ಏಡ್ಸ್ ಕುರಿತ ಮಾಹಿತಿ, ಒಂದು ಪ್ರಶ್ನಾವಳಿ ಇದ್ದದ್ದು ನಿಜ. ಜೊತೆಗೆ ಒಂದು ಗುಪ್ತ ಲೆಕ್ಕವೂ ನಡೆಯುತ್ತಿತ್ತು. ಕಂಪ್ಯೂಟರನ್ನು ಸುಮಾರು 90 ಸಲ ಚಾಲೂ ಮಾಡಿದ ಮೇಲೆ ಕಡತಗಳ ಹೆಸರುಗಳೆಲ್ಲ ಗೂಢಲಿಪಿಗೆ ತಿರುಗಿ, ಪನಾಮಾ ದೇಶದ ಒಂದು ಅಂಚೆಪೆಟ್ಟಿಗೆಗೆ 189 ಡಾಲರ್ ಕಳಿಸಬೇಕೆಂಬ ಸೂಚನೆ ಪರದೆಯ ಮೇಲೆ ಮೂಡುತ್ತಿತ್ತು.

ಇದನ್ನು ಮಾಡಿದ ಆರೋಪ ಬಂದದ್ದು ಜೋಸೆಫ್ ಪಾಪ್ ಎಂಬ ಅಮೆರಿಕದ ಜೀವವಿಜ್ಞಾನಿಯ ಮೇಲೆ. ಆತನನ್ನು ಬಂಧಿಸಿ ಬ್ರಿಟನ್ನಿಗೆ ಒಯ್ದರಾದರೂ, ವಿಚಾರಣೆ ಎದುರಿಸುವ ಮಾನಸಿಕ ಸ್ಥಿತಿಯಲ್ಲಿ ಇಲ್ಲವೆಂದು ನ್ಯಾಯಾಲಯ ಬಿಟ್ಟುಬಿಟ್ಟಿತು. ಈ ಮೊದಲನೆಯ ಬೀಗ ಬಹಳ ಬಡಕಲು ಬೀಗ. ಕಡತದ ಒಳಗಿನ ಬರಹಕ್ಕೆ ಏನೂ ಆಗಿರಲಿಲ್ಲ, ಹೆಸರು ಮಾತ್ರ ಕೆಟ್ಟಿತ್ತು. ಮೇಲಾಗಿ ಎಲ್ಲ ಬೀಗಕ್ಕೂ ಕೀಲಿ ಒಂದೇ. ಜಿಮ್ ಬೇಟ್ಸ್ ಎಂಬವರು ಅದನ್ನು ಬಿಚ್ಚಿ ನೋಡಿ ಪರಿಹಾರದ ತಂತ್ರಾಂಶವನ್ನು ಸಿದ್ಧಪಡಿಸಿ ಹಂಚಿದರು. ಆದರೆ ಅಷ್ಟರಲ್ಲಿ ಗಾಬರಿಯಿಂದ ಡಿಸ್ಕನ್ನೆಲ್ಲ ಅಳಿಸಿ ವರ್ಷಗಟ್ಟಲೆಯ ಕೆಲಸ ಕಳೆದುಕೊಂಡವರ ವಿಷಯ ವರದಿಯಾಗಿತ್ತು. ಕಳ್ಳ ಮಾಡದ ನಷ್ಟವನ್ನು ಗಾಬರಿ ಮಾಡಿತು. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು.

ಎರಡು ಕೀಲಿಗಳ ಗಣಿತ

ಪಾಪನ ಬೀಗ ಮುರಿದುಬಿದ್ದದ್ದೇಕೆ? ಮುಚ್ಚುವ ಕೀಲಿ, ತೆರೆಯುವ ಕೀಲಿ ಎರಡೂ ಒಂದೇ ಆಗಿ, ಅದು ಡಿಸ್ಕಿನಲ್ಲಿಯೇ ಅಡಗಿತ್ತು. 1996ರಲ್ಲಿ ಆಡಮ್ ಯಂಗ್ ಮತ್ತು ಮೋಟಿ ಯುಂಗ್ ಎಂಬ ಇಬ್ಬರು ವಿದ್ವಾಂಸರು ಒಂದು ಪ್ರಬಂಧ ಬರೆದು, ಮುಂದೆ ಬರಬಹುದಾದ ಅಪಾಯವನ್ನು ತೋರಿಸಿಕೊಟ್ಟರು. ಗಣಿತದಲ್ಲಿ ಜೋಡಿ ಕೀಲಿಗಳ ಒಂದು ಪದ್ಧತಿಯಿದೆ. ಒಂದರಿಂದ ಮುಚ್ಚಬಹುದು, ಆದರೆ ತೆರೆಯಲು ಇನ್ನೊಂದೇ ಬೇಕು. ನಮ್ಮ ಲ್ಯಾಚ್ ಬೀಗದಂತೆಯೇ ಸರಿ: ಎಳೆದು ಮುಚ್ಚಲು ಕೀಲಿ ಬೇಡ, ತೆರೆಯಲು ಬೇಕು. ಕಳ್ಳನು ಮುಚ್ಚುವ ಕೀಲಿಯನ್ನು ಮಾತ್ರ ನಮ್ಮ ಕಂಪ್ಯೂಟರಿಗೆ ಕಳಿಸಿ, ತೆರೆಯುವುದನ್ನು ತನ್ನ ಕಿಸೆಯಲ್ಲಿಟ್ಟುಕೊಂಡರೆ ಜಗತ್ತಿನ ಯಾವ ಬೀಗದವನಿಂದಲೂ ತೆರೆಯುವುದಾಗದು. ಬ್ಯಾಂಕಿನ ವ್ಯವಹಾರವನ್ನು ಕಾಪಾಡುವುದೂ ಇದೇ ಗಣಿತ. ಕತ್ತಿ ಒಂದೇ, ಹಿಡಿದ ಕೈ ಬೇರೆ.

ಆದರೂ ಹಣ ಪಡೆಯುವ ದಾರಿ ಕಳ್ಳನಿಗೆ ಕಷ್ಟವಾಗಿತ್ತು. ಅಂಚೆಪೆಟ್ಟಿಗೆಗೆ ಒಬ್ಬ ಒಡೆಯನಿರುತ್ತಾನೆ, ಬ್ಯಾಂಕ್ ಖಾತೆಗೆ ಹೆಸರಿರುತ್ತದೆ. 2009ರಲ್ಲಿ ಬಿಟ್‌ಕಾಯಿನ್ ಎಂಬ ಗಣಕ ನಾಣ್ಯ ಬಂದಿತು. ಪಡೆಯುವವನು ತನ್ನ ಹೆಸರು ಕೊಡಬೇಕಾಗಿಲ್ಲ. 2012ರ ಸುಮಾರಿಗೆ ಪೊಲೀಸರ ಲಾಂಛನ ಹಾಕಿ, ‘ನೀವು ಅಪರಾಧ ಮಾಡಿದ್ದೀರಿ, ದಂಡ ಕಟ್ಟಿ’ ಎಂದು ಪರದೆಯನ್ನಷ್ಟೇ ತಡೆಹಿಡಿಯುವ ರೆವೆಟನ್ ಎಂಬ ಜಾತಿ ಯುರೋಪಿನಲ್ಲಿ ಹಬ್ಬಿತು. ಇಂದು ವಿಡಿಯೋ ಕರೆಯಲ್ಲಿ ‘ಡಿಜಿಟಲ್ ಅರೆಸ್ಟ್’ ಎಂದು ಹೆದರಿಸುವವರು ಅದೇ ಭಯವನ್ನು ಮಾರುವವರು.

2013ರ ಸೆಪ್ಟೆಂಬರಿನಲ್ಲಿ ಕಾಣಿಸಿಕೊಂಡ ಕ್ರಿಪ್ಟೋಲಾಕರ್ ಎಂಬುದರಲ್ಲಿ ಜೋಡಿ ಕೀಲಿ, ಬಿಟ್‌ಕಾಯಿನ್, 72 ಗಂಟೆಗಳ ಗಡುವು ಮೂರೂ ಒಟ್ಟುಗೂಡಿದವು. ಇಮೇಲ್‌ನಲ್ಲಿ ಬಂದ ಲಗತ್ತನ್ನು ತೆರೆದವರ ಫೋಟೋ, ಪತ್ರ, ಲೆಕ್ಕಗಳೆಲ್ಲ ಬೀಗದಲ್ಲಿ. 2014ರಲ್ಲಿ ಹಲವು ದೇಶಗಳ ಪೊಲೀಸರು ಒಟ್ಟಾಗಿ ಆ ಜಾಲವನ್ನು ಮುರಿದರು. ಕಳ್ಳರ ಕೀಲಿಗಳ ಭಂಡಾರವೇ ಕೈಗೆ ಸಿಕ್ಕಿ, ಅದೇ ಆಗಸ್ಟ್‌ನಲ್ಲಿ ಎರಡು ಸಂಸ್ಥೆಗಳು ಅವನ್ನು ಉಚಿತವಾಗಿ ಹಂಚಿದವು. ಆದರೆ ಯಾರಿಗೆ ಪ್ರಯೋಜನವಾಯಿತು? ಬೀಗ ಬಿದ್ದ ಕಡತಗಳನ್ನು ಎಸೆಯದೆ ಹಾಗೆಯೇ ಇಟ್ಟುಕೊಂಡವರಿಗೆ ಮಾತ್ರ. ತಾಳ್ಮೆಗೂ ಒಂದು ಬೆಲೆಯಿದೆ.

ನಮ್ಮ ನಗರಕ್ಕೆ ಬಂದ ಬಗೆ

ಮುಂಬಯಿಯ ಜನ ಈ ಹೆಸರನ್ನು ವೃತ್ತಪತ್ರಿಕೆಗಳಲ್ಲಿ ದಪ್ಪಕ್ಷರದಲ್ಲಿ ಓದಿದ್ದು 2016ರಲ್ಲಿ. ಆ ಜನವರಿಯಲ್ಲಿ ಮೂರು ಬ್ಯಾಂಕುಗಳೂ ಒಂದು ಔಷಧ ಕಂಪನಿಯೂ ಲೆ ಶಿಫ್ರ್ ಎಂಬ ಒತ್ತೆ ತಂತ್ರಾಂಶಕ್ಕೆ ಸಿಕ್ಕಿದ ಸುದ್ದಿ ಬಂದಿತು. ಇದರ ವೈಶಿಷ್ಟ್ಯವೇನೆಂದರೆ ಇದು ತಾನಾಗಿ ಹರಡುವಂಥದಲ್ಲ. ದೂರದಿಂದ ಕಂಪ್ಯೂಟರನ್ನು ನಡೆಸಲು ತೆರೆದಿಟ್ಟ ‘ರಿಮೋಟ್ ಡೆಸ್ಕ್‌ಟಾಪ್’ ಎಂಬ ಬಾಗಿಲಿನಿಂದ ಮನುಷ್ಯನೇ ಒಳನುಗ್ಗಿ, ಒಂದೊಂದೇ ಯಂತ್ರದಲ್ಲಿ ಕೈಯಾರೆ ಬೀಗ ಹಾಕುತ್ತ ಹೋಗುವುದು. ಅದು ಪ್ರತಿ ಕಡತದ ಮೊದಲ ಮತ್ತು ಕೊನೆಯ 8 ಕಿಲೋಬೈಟ್‌ಗಳನ್ನು ಮಾತ್ರ ಕೆಡಿಸುತ್ತಿತ್ತು. ಬೀಗ ಜಾಳಾದದ್ದರಿಂದ ತಜ್ಞರೊಬ್ಬರು ಬಿಡಿಸುವ ತಂತ್ರಾಂಶ ಬರೆದು ಉಚಿತವಾಗಿ ಕೊಟ್ಟರು.

ಅದೇ ವರ್ಷ ಮೇ ತಿಂಗಳಲ್ಲಿ ರಾಜ್ಯ ಸರಕಾರದ ಮಂತ್ರಾಲಯದಲ್ಲಿಯೇ ಲಾಕಿ ಎಂಬ ಒತ್ತೆ ತಂತ್ರಾಂಶ ಹೊಕ್ಕು, ಕಂದಾಯ ಮತ್ತು ಲೋಕೋಪಯೋಗಿ ಇಲಾಖೆಗಳ ಸುಮಾರು 150 ಕಂಪ್ಯೂಟರುಗಳು ಕೆಟ್ಟವೆಂದು ಪತ್ರಿಕೆಗಳು ಬರೆದವು. ಲಾಕಿ ಸಾಮಾನ್ಯವಾಗಿ ಬರುತ್ತಿದ್ದುದು ಬಿಲ್ಲಿನ ರೂಪದಲ್ಲಿ. ‘ಲಗತ್ತಿಸಿದ ಬಿಲ್ಲನ್ನು ನೋಡಿ’ ಎಂಬ ಇಮೇಲ್. ತೆರೆದರೆ ಅರ್ಥವಾಗದ ಅಕ್ಷರಗಳು. ‘ಸರಿಯಾಗಿ ಓದಲು ಮ್ಯಾಕ್ರೋ ಚಾಲೂ ಮಾಡಿ’ ಎಂಬ ಸೂಚನೆ. ಚಾಲೂ ಮಾಡಿದರೆ ಬಾಗಿಲು ಎಳೆದು ಮುಚ್ಚಿದಂತೆಯೇ. ಕಚೇರಿಯಲ್ಲಿ ಕೂತು ದಿನಕ್ಕೆ ಹತ್ತಾರು ಬಿಲ್ಲು ನೋಡುವ ನಮ್ಮಂಥವರಿಗೆ ಇದಕ್ಕಿಂತ ಸಹಜವಾದ ಬಲೆ ಯಾವುದು? ಬಿಲ್ಲು ಬಂದರೆ ತೆರೆಯುವುದೇ ಗುಮಾಸ್ತನ ಧರ್ಮ!

2017: ವಾನಾಕ್ರೈ ಮತ್ತು ನ್ಹಾವಾ ಶೇವಾ

2017ರ ಮೇ 12ರಂದು ವಾನಾಕ್ರೈ ಬಂದಿತು. ಇದಕ್ಕೆ ಬಿಲ್ಲೂ ಬೇಡ, ತೆರೆಯುವ ಕೈಯೂ ಬೇಡ. ವಿಂಡೋಸಿನ ಒಂದು ಬಿರುಕಿನಿಂದ ಒಂದು ಯಂತ್ರದಿಂದ ಇನ್ನೊಂದಕ್ಕೆ ತಾನೇ ದಾಟುತ್ತಿತ್ತು. ಸುಮಾರು 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಮಿಕ್ಕಿ ಕಂಪ್ಯೂಟರುಗಳು ಸಿಕ್ಕಿಬಿದ್ದವು. ಬ್ರಿಟನ್ನಿನ ಸರಕಾರಿ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಗಳು ಮುಂದೆ ಹೋದವು. ನಮ್ಮಲ್ಲಿ ಆಂಧ್ರ ಪ್ರದೇಶದ ಪೊಲೀಸ್ ಇಲಾಖೆಯ ಕೆಲವು ಕಂಪ್ಯೂಟರುಗಳು ನಿಂತವು. ಮಾರ್ಕಸ್ ಹಚಿನ್ಸ್ ಎಂಬ ಇಪ್ಪತ್ತೆರಡರ ತರುಣ ಆ ತಂತ್ರಾಂಶದ ಒಳಗೆ ಅಡಗಿದ್ದ ಒಂದು ವಿಚಿತ್ರ ಅಂತರ್ಜಾಲ ವಿಳಾಸವನ್ನು ಕಂಡು, ಅದನ್ನು ತನ್ನ ಹೆಸರಿಗೆ ನೋಂದಾಯಿಸಿದ ಕೂಡಲೆ ಹರಡುವಿಕೆ ನಿಂತಿತು. ಇಲ್ಲಿ ಗಮನಿಸಬೇಕಾದ ಸಂಗತಿ ಬೇರೆಯಿದೆ. ಆ ಬಿರುಕಿಗೆ ಮೈಕ್ರೋಸಾಫ್ಟ್ ಕಂಪನಿ ಮಾರ್ಚ್ 14ರಂದೇ ತೇಪೆ ಕೊಟ್ಟಿತ್ತು. ಎರಡು ತಿಂಗಳು ಸಮಯವಿದ್ದರೂ ಹಾಕಿಕೊಳ್ಳದವರೇ ಸಿಕ್ಕಿಬಿದ್ದರು.

ಜೂನ್ 27ರಂದು ನಾಟ್‌ಪೆಟ್ಯ ಎಂಬುದು ಉಕ್ರೇನಿನಲ್ಲಿ ಒಂದು ಲೆಕ್ಕಪತ್ರದ ತಂತ್ರಾಂಶದ ಮೂಲಕ ಹೊರಬಿದ್ದು ಜಗತ್ತಿನ ದೊಡ್ಡ ಹಡಗು ಕಂಪನಿಯಾದ ಮಾರ್ಸ್ಕ್ ಸಂಸ್ಥೆಯನ್ನು ಕೆಡವಿತು. ಕೋಪನ್‌ಹೇಗನ್ನಿನಲ್ಲಿ ಬಿದ್ದ ಪೆಟ್ಟು ನಮ್ಮ ಕೊಲ್ಲಿಯ ಆಚೆ ದಡಕ್ಕೂ ಮುಟ್ಟಿತು. ನ್ಹಾವಾ ಶೇವಾದ ಜವಾಹರಲಾಲ್ ನೆಹರೂ ಬಂದರಿನಲ್ಲಿ ಆ ಸಮೂಹ ನಡೆಸುತ್ತಿದ್ದ ಗೇಟ್‌ವೇ ಟರ್ಮಿನಲ್ಸ್ ಇಂಡಿಯಾದ ಕಂಪ್ಯೂಟರುಗಳು ಸ್ತಬ್ಧವಾಗಿ, ಯಾವ ಪೆಟ್ಟಿಗೆ ಯಾರದು, ಯಾವ ಲಾರಿಗೆ ಎಂಬುದನ್ನು ಕೈಬರಹದಲ್ಲಿ ನೋಡಿಕೊಳ್ಳುವ ಸ್ಥಿತಿ ಬಂದಿತು. ದೇಶದ ಅತಿ ದೊಡ್ಡ ಕಂಟೇನರ್ ಬಂದರಿನ ಒಂದು ಭಾಗ ಹಳೆಯ ಕಾಲದ ಲೆಡ್ಜರಿಗೆ ಮರಳಿತ್ತು.

ನಾಟ್‌ಪೆಟ್ಯ 300 ಡಾಲರ್ ಕೇಳಿದ್ದು ಬರಿಯ ವೇಷ. ಅದು ತೋರಿಸುತ್ತಿದ್ದ ಗುರುತಿನ ಸಂಖ್ಯೆಗೂ ಕೀಲಿಗೂ ಸಂಬಂಧವೇ ಇರಲಿಲ್ಲ. ಹಣ ಕೊಟ್ಟವನಿಗೆ ಕೀಲಿ ಕೊಡಲು ಕಳ್ಳನಿಂದಲೂ ಆಗುತ್ತಿರಲಿಲ್ಲ. ಕೊಟ್ಟರೆ ಬಿಡುತ್ತಾರೆ ಎಂದು ನಂಬುವವರು ಇದನ್ನು ಮರೆಯಬಾರದು.

ಮಾರ್ಸ್ಕ್ ಪಾರಾದ ಕಥೆ ಇನ್ನೂ ಸ್ವಾರಸ್ಯಕರ. ಕಂಪನಿಯ ಜಾಲಕ್ಕೆಲ್ಲ ನಕಾಶೆಯಂತಿದ್ದ ಮಾಹಿತಿ ಹಲವು ಕಡೆ ಇದ್ದರೂ, ಎಲ್ಲವೂ ಪರಸ್ಪರ ಜೋಡಿಸಿಕೊಂಡಿದ್ದರಿಂದ ಎಲ್ಲವೂ ಒಟ್ಟಿಗೇ ಅಳಿದವು. ಒಂದು ಮಾತ್ರ ಉಳಿದಿತ್ತು, ಆಫ್ರಿಕದ ಘಾನಾ ದೇಶದ ಕಚೇರಿಯಲ್ಲಿ. ದಾಳಿಯ ಹೊತ್ತಿಗೆ ಅಲ್ಲಿ ಕರೆಂಟು ಹೋಗಿತ್ತು, ಅಷ್ಟೇ! ಅಲ್ಲಿಯ ನೌಕರರಿಗೆ ಬ್ರಿಟನ್ನಿನ ವೀಸಾ ಇರಲಿಲ್ಲವಾದ್ದರಿಂದ ಒಬ್ಬರು ಆ ಡಿಸ್ಕನ್ನು ನೈಜೀರಿಯಾದವರೆಗೆ ತಂದು ಇನ್ನೊಬ್ಬರ ಕೈಗೆ ಕೊಟ್ಟು, ಅವರು ವಿಮಾನದಲ್ಲಿ ಇಂಗ್ಲೆಂಡಿಗೆ ಮುಟ್ಟಿಸಿದರು. ಅಲ್ಲಿಂದ ಹತ್ತು ದಿನಗಳಲ್ಲಿ 4,000 ಸರ್ವರ್‌ಗಳನ್ನೂ 45,000 ಕಂಪ್ಯೂಟರುಗಳನ್ನೂ ಹೊಸದಾಗಿ ಕಟ್ಟಿದರು. ಅಷ್ಟು ದೊಡ್ಡ ಸಂಸ್ಥೆಯನ್ನು ಉಳಿಸಿದ್ದು ದೂರದ ಊರಿನಲ್ಲಿ, ತಂತಿ ಕಡಿದುಕೊಂಡು ಕೂತಿದ್ದ ಒಂದೇ ಒಂದು ಪ್ರತಿ.

ಮುಂದಿನ ಎರಡು ಘಟನೆಗಳನ್ನು ಸಂಕ್ಷೇಪವಾಗಿ ಹೇಳುತ್ತೇವೆ. 2022ರ ನವೆಂಬರ್ 23ರಂದು ದೆಹಲಿಯ ಏಮ್ಸ್ ಆಸ್ಪತ್ರೆಯ ಐದು ಸರ್ವರ್‌ಗಳು, ಸುಮಾರು 1.3 ಟೆರಾಬೈಟ್ ಮಾಹಿತಿ ಬೀಗಕ್ಕೆ ಸಿಕ್ಕಿ, ಸುಮಾರು ಎರಡು ವಾರ ಹೊರರೋಗಿಗಳ ಚೀಟಿಯನ್ನು ಕೈಯಿಂದ ಬರೆದರು. ರೋಗಿಗಳ ಮಾಹಿತಿ ಮರಳಿ ಸಿಕ್ಕಿದ್ದು ದಾಳಿ ತಟ್ಟದಿದ್ದ ಇನ್ನೊಂದು ಪ್ರತಿಯ ಸರ್ವರ್‌ನಿಂದ ಎಂದು ಸರಕಾರ ಸಂಸತ್ತಿಗೆ ತಿಳಿಸಿತು. 2024ರ ಜುಲೈ 31ರಂದು ಸಣ್ಣ ಬ್ಯಾಂಕುಗಳಿಗೆ ತಾಂತ್ರಿಕ ಸೇವೆ ಒದಗಿಸುವ ಸಿ-ಎಡ್ಜ್ ಕಂಪನಿಗೆ ದಾಳಿ ತಟ್ಟಿದಾಗ ರಾಷ್ಟ್ರೀಯ ಪಾವತಿ ನಿಗಮವು ಅದನ್ನು ಜಾಲದಿಂದ ಬೇರ್ಪಡಿಸಿತು. ಸುಮಾರು 300 ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳ ಗ್ರಾಹಕರಿಗೆ ಎಟಿಎಂ, ಯುಪಿಐ ನಿಂತು, ಮರುದಿನ ಸರಿಯಾಯಿತು. ಊರಿಗೆ ಹಣ ಕಳಿಸುವ ನಮ್ಮವರಲ್ಲಿ ಅನೇಕರ ಖಾತೆ ಇಂಥ ಸಣ್ಣ ಬ್ಯಾಂಕುಗಳಲ್ಲಿಯೇ ಇದೆಯಷ್ಟೆ.

ನಮ್ಮ ಮನೆಯ ಕಥೆ

ಇನ್ನು ನಮ್ಮ ವಿಷಯ. ಡೊಂಬಿವಲಿಯ ನಮ್ಮ ಮನೆಯಲ್ಲಿ ಲ್ಯಾಮಿಂಗ್ಟನ್ ರಸ್ತೆಯಿಂದ ಜೋಡಿಸಿ ತಂದ ಒಂದು ಕಂಪ್ಯೂಟರ್ ಇತ್ತು. 2020ರ ಲಾಕ್‌ಡೌನ್ ಕಾಲ. ಒಂಬತ್ತನೆಯ ಇಯತ್ತೆ ಮುಗಿಸಿದ್ದ ಮಗ ಚಿತ್ರ ಬಿಡಿಸುವ ಒಂದು ದುಬಾರಿ ತಂತ್ರಾಂಶವನ್ನು ಎಲ್ಲಿಂದಲೋ ‘ಉಚಿತವಾಗಿ’ ಇಳಿಸಿಕೊಂಡ. ಜೊತೆಗಿದ್ದ ಸೂಚನೆಯಂತೆ ಆಂಟಿವೈರಸ್ಸನ್ನು ಅವನೇ ಆರಿಸಿದ. ಕಳ್ಳನಿಗೆ ಕಾವಲುಗಾರನನ್ನು ನಾವೇ ಮಲಗಿಸಿಕೊಟ್ಟ ಹಾಗಾಯಿತು. ಪರದೆಯ ಮೇಲೆ ‘ವಿಂಡೋಸ್ ಅಪ್‌ಡೇಟ್ ಆಗುತ್ತಿದೆ’ ಎಂದು ಬಂದಿತು. ಊಟ ಮುಗಿಸಿ ಬಂದು ನೋಡುವಾಗ ಪ್ರತಿ ಕಡತದ ಹೆಸರಿನ ಬಾಲಕ್ಕೆ ಅರ್ಥವಿಲ್ಲದ ನಾಲ್ಕು ಅಕ್ಷರಗಳು ಅಂಟಿಕೊಂಡಿದ್ದವು. ಪ್ರತಿ ಫೋಲ್ಡರಿನಲ್ಲೂ ಒಂದು ಚೀಟಿ: 980 ಡಾಲರ್ ಕೊಡಿ, 72 ಗಂಟೆಯೊಳಗಾದರೆ 490. ಆಗಿನ ದರದಲ್ಲಿ ಸುಮಾರು 37 ಸಾವಿರ ರೂಪಾಯಿ. ಸ್ಟಾಪ್ ಅಥವಾ ಡಿಜೆವು ಎಂದು ಕರೆಯುವ ಈ ಜಾತಿ 2018ರಿಂದೀಚೆಗೆ ಮನೆಗಳ ಕಂಪ್ಯೂಟರುಗಳನ್ನೇ ಹುಡುಕಿಕೊಂಡು ಬಂದದ್ದೆಂದು ಆಮೇಲೆ ತಿಳಿಯಿತು.

ಎರಡನೆಯ ಪ್ರತಿ ಇರಲಿಲ್ಲವೇ ಎಂದು ಕೇಳಬಹುದು. ಇತ್ತು. ಬಿ.ಎಸ್‌ಸಿ. ಓದಿದವರೆಂಬ ಹೆಮ್ಮೆಯಿಂದ ಬೇರೊಂದು ಡಿಸ್ಕಿಗೆ ಎಲ್ಲವನ್ನೂ ನಕಲು ಮಾಡಿಟ್ಟಿದ್ದೆವು. ಆ ಡಿಸ್ಕನ್ನು ಸದಾ ಕಂಪ್ಯೂಟರಿಗೆ ಚುಚ್ಚಿಯೇ ಇಟ್ಟಿದ್ದೆವು! ಅದಕ್ಕೂ ಬೀಗ ಬಿದ್ದಿತು. ಎರಡನೆಯ ಕೀಲಿಕೈಯನ್ನು ಪಕ್ಕದ ಮನೆಯಲ್ಲಿ ಕೊಡುವ ಬದಲು ನಮ್ಮದೇ ಬಾಗಿಲಿನ ಒಳಬದಿಗೆ ತೂಗುಹಾಕಿದ್ದ ಹಾಗೆ.

ಹೋದದ್ದರಲ್ಲಿ ಹೆಚ್ಚಿನದೆಲ್ಲ ಮತ್ತೆ ಸಿಗುವಂಥದು. ಆದರೆ 2011ರಲ್ಲಿ ಕುಮಟೆಯ ಮನೆಯ ಜಗಲಿಯಲ್ಲಿ ನಮ್ಮ ತಾಯಿಯವರು ಹೇಳಿದ್ದ ಹನ್ನೊಂದು ಹಸೆಹಾಡುಗಳ ಧ್ವನಿಮುದ್ರಣ ಅದರಲ್ಲಿತ್ತು. ಅವರು 2015ರಲ್ಲಿ ತೀರಿಕೊಂಡರು. ‘ಹಣ ಹೋದರೆ ಹೋಗಲಿ, ಕೊಟ್ಟುಬಿಡೋಣ. ಅತ್ತೆಯವರ ಧ್ವನಿ ಇನ್ನೆಲ್ಲಿಂದ ತರುತ್ತೀರಿ?’ ಎಂದು ಮನೆಯವರು ಅಂದರು. ನಮಗೂ ಹಾಗೆಯೇ ಅನ್ನಿಸಿತ್ತೆಂಬುದನ್ನು ಮುಚ್ಚಿಡುವುದಿಲ್ಲ. ಲಾಕ್‌ಡೌನ್ ಇಲ್ಲದಿದ್ದರೆ ಪರಿಚಯದ ಮೆಕ್ಯಾನಿಕನನ್ನು ಅಂದೇ ಕರೆಸಿ ಎಲ್ಲವನ್ನೂ ಫಾರ್ಮ್ಯಾಟ್ ಮಾಡಿಸಿಬಿಡುತ್ತಿದ್ದೆವು. ಅವನು ಬರಲಾರದೆ ಹೋದದ್ದು ನಮ್ಮ ಪುಣ್ಯ.

ಮೂರು ದಿನ ಓದಿದ ಮೇಲೆ ಒಂದು ವಿಷಯ ಗೊತ್ತಾಯಿತು. ಬೇಗ ಬೇಗ ಮುಗಿಸುವ ಅವಸರದಲ್ಲಿ ಈ ತಂತ್ರಾಂಶ ಪ್ರತಿ ಕಡತದ ಮೊದಲ ಸುಮಾರು 150 ಕಿಲೋಬೈಟನ್ನು ಮಾತ್ರ ಗೂಢಲಿಪಿಗೆ ತಿರುಗಿಸುತ್ತದೆ. ಪತ್ರ, ಲೆಕ್ಕದಂಥ ಸಣ್ಣ ಕಡತ ಪೂರ್ತಿ ಹೋಗುತ್ತದೆ. ದೊಡ್ಡ ಕಡತದ ಹಿಂಭಾಗ ಹಾಗೆಯೇ ಉಳಿದಿರುತ್ತದೆ. ಎಂಪಿ3 ಮುದ್ರಣ ತುಂಡು ತುಂಡಾಗಿ ಜೋಡಿಸಿದ ಮಾಲೆಯಂಥದು. ಮುಂದಿನ ಮಣಿಗಳು ಉದುರಿದರೂ ಉಳಿದವು ನುಡಿಯುತ್ತವೆ. ಕೆಟ್ಟ ಮುಂಭಾಗವನ್ನು ಕತ್ತರಿಸಿ ತೆಗೆದಾಗ ತಾಯಿಯವರ ಧ್ವನಿ ಕೇಳಿಸಿತು. ಒಂದೊಂದು ಹಾಡಿನಲ್ಲಿಯೂ ಮೊದಲ ಹತ್ತು ಸೆಕೆಂಡು ಇಲ್ಲ. ಹಾಡಿನ ಆರಂಭದ ನುಡಿಯೇ ಇಲ್ಲ, ನಡುವಿನಿಂದ ಶುರು.

ಬೀಗ ಬಿದ್ದರೆ ಏನು ಮಾಡಬೇಕು?

ಕಡತಗಳ ಹೆಸರಿಗೆ ಹೊಸ ಬಾಲ ಬರುವುದು, ತೆರೆಯಲು ಬಾರದಿರುವುದು, ಹಣ ಕೇಳುವ ಚೀಟಿ, ಇವು ಖಚಿತ ಗುರುತುಗಳು. ಕಾರಣವಿಲ್ಲದೆ ಡಿಸ್ಕು ಒಂದೇ ಸಮನೆ ಓಡುವುದು, ಆಂಟಿವೈರಸ್ ತಾನಾಗಿ ಆರಿರುವುದು ಮುನ್ಸೂಚನೆಗಳು. ಪರದೆ ಮಾತ್ರ ಸ್ತಂಭಿಸಿ ಪೊಲೀಸರ ಹೆಸರಿನಲ್ಲಿ ದಂಡ ಕೇಳಿದರೆ ಅದು ಹೆಚ್ಚಾಗಿ ಬರಿಯ ಬೆದರಿಕೆ, ಕಡತಗಳು ಕ್ಷೇಮವಾಗಿರುತ್ತವೆ.

ಮೊದಲನೆಯ ಕೆಲಸ, ಅಂತರ್ಜಾಲದ ತಂತಿ ಅಥವಾ ವೈಫೈ ಕಡಿಯುವುದು, ಹೊರಗಿನ ಡಿಸ್ಕು, ಪೆನ್‌ಡ್ರೈವ್‌ಗಳನ್ನು ಕಿತ್ತುಬಿಡುವುದು. ಎರಡನೆಯದು, ಏನನ್ನೂ ಅಳಿಸದಿರುವುದು. ಚೀಟಿಯ ಫೋಟೋ ತೆಗೆದಿಟ್ಟುಕೊಳ್ಳಿ. ಮೂರನೆಯದು, ಬೀಗದ ಜಾತಿ ತಿಳಿಯುವುದು. 2016ರ ಜುಲೈಯಲ್ಲಿ ನೆದರ್ಲೆಂಡ್ಸ್ ಪೊಲೀಸರು, ಯುರೋಪೋಲ್ ಹಾಗೂ ಎರಡು ಕಂಪನಿಗಳು ಸೇರಿ ‘ನೋ ಮೋರ್ ರ‍್ಯಾನ್ಸಮ್’ ಎಂಬ ಉಚಿತ ಸೇವೆಯನ್ನು ಆರಂಭಿಸಿದವು. ಬೇರೊಂದು ಕಂಪ್ಯೂಟರಿನಿಂದ ಬೀಗ ಬಿದ್ದ ಒಂದೆರಡು ಕಡತಗಳನ್ನೂ ಚೀಟಿಯನ್ನೂ ಅಲ್ಲಿ ತೋರಿಸಿದರೆ ಜಾತಿ ತಿಳಿಸಿ, ಬಿಡಿಸುವ ಸಾಧನ ಇದ್ದರೆ ಕೊಡುತ್ತಾರೆ. ಇಲ್ಲದಿದ್ದರೂ ಬೀಗದ ಕಡತಗಳನ್ನು ಬೇರೆ ಡಿಸ್ಕಿಗೆ ತುಂಬಿಡಿ. ಕ್ರಿಪ್ಟೋಲಾಕರಿನ ಕೀಲಿಗಳಂತೆ ಎಂದಾದರೂ ಹೊರಬರಬಹುದು.

ಇಲ್ಲಿ ಒಂದು ಭೇದವನ್ನು ಸ್ಪಷ್ಟವಾಗಿ ತಿಳಿಯಬೇಕು. ಆಂಟಿವೈರಸ್ಸಿನಿಂದ ಒತ್ತೆ ತಂತ್ರಾಂಶವನ್ನು ತೆಗೆದುಹಾಕಬಹುದು; ಅಂದರೆ ಕಳ್ಳನನ್ನು ಹೊರಹಾಕಿದಂತಾಯಿತು, ಬೀಗ ತೆರೆದಂತಲ್ಲ. ಬೀಗದ ಕಡತಗಳನ್ನು ಬೇರೆ ಇಟ್ಟ ಮೇಲೆ ವಿಂಡೋಸನ್ನು ಹೊಸದಾಗಿ ಹಾಕಿಸುವುದೇ ನಿಶ್ಚಿಂತೆ. ಇಂಥ ತಂತ್ರಾಂಶದ ಬೆನ್ನಿಗೆ ಪಾಸ್‌ವರ್ಡ್ ಕದಿಯುವ ಇನ್ನೊಂದು ಬರುವುದುಂಟು. ಆದುದರಿಂದ ಬ್ಯಾಂಕ್, ಇಮೇಲ್ ಪಾಸ್‌ವರ್ಡ್‌ಗಳನ್ನು ಬೇರೆ ಯಂತ್ರದಿಂದ ಬದಲಾಯಿಸಬೇಕು. ಕಂಡಕಂಡ ಕಡೆ ‘ಬಿಡಿಸುವ ತಂತ್ರಾಂಶ’ ಹುಡುಕಬಾರದು. ನಾವು ಒದ್ದಾಡುತ್ತಿದ್ದ 2020ರಲ್ಲಿಯೇ ಡಿಜೆವು ಬೀಗ ಬಿಡಿಸುತ್ತೇನೆಂದು ಹೇಳಿಕೊಂಡು ಬಂದ ಜೊರಾಬ್ ಎಂಬುದು ಬೀಗದ ಮೇಲೆ ಇನ್ನೊಂದು ಬೀಗ ಜಡಿಯುತ್ತಿತ್ತು! ಮತ್ತು ದೂರು ಕೊಡಿ. ಕೇಂದ್ರ ಗೃಹ ಇಲಾಖೆಯ ಸೈಬರ್ ಅಪರಾಧ ಪೋರ್ಟಲ್ ಇದೆ. ಹಣ ಹೋಗಿದ್ದರೆ ತಡಮಾಡದೆ 1930 ಸಂಖ್ಯೆಗೆ ಫೋನ್ ಮಾಡಿ. ನಾಚಿಕೆಯಿಂದ ಮುಚ್ಚಿಟ್ಟರೆ ಲಾಭ ಕಳ್ಳನಿಗೇ.

ಆಫೀಸ್ ಕಾಪಿ

ತಡೆಯುವ ಉಪಾಯಗಳನ್ನು ಈ ಇತಿಹಾಸವೇ ಹೇಳಿದೆ. ತೇಪೆಗಳನ್ನು ಬಂದ ಕೂಡಲೆ ಹಾಕಿಕೊಳ್ಳಿ. ವಿಂಡೋಸ್ 10ಕ್ಕೆ ಕಂಪನಿಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ ಎಂಬುದು ಹಳೆಯ ಯಂತ್ರ ಇಟ್ಟುಕೊಂಡವರ ಗಮನದಲ್ಲಿರಲಿ. ಗೊತ್ತಿಲ್ಲದ ಲಗತ್ತು ತೆರೆಯಬೇಡಿ, ಮ್ಯಾಕ್ರೋ ಚಾಲೂ ಮಾಡಬೇಡಿ. ಕದ್ದ ತಂತ್ರಾಂಶ ಪುಕ್ಕಟೆಯಲ್ಲವೆಂದು ಮಕ್ಕಳಿಗೆ ತಿಳಿಸಿ. ಹಾಗೆಂದು ಗದರಿಸಬೇಡಿ, ಗದರಿಕೆಗೆ ಹೆದರಿದ ಹುಡುಗ ಮುಂದಿನ ಸಲ ಒಂದು ದಿನ ತಡವಾಗಿ ಹೇಳುತ್ತಾನೆ.

ಇವೆಲ್ಲಕ್ಕೂ ಮೇಲಿನದು ಎರಡನೆಯ ಪ್ರತಿ. ನಾವು ಕೆಲಸಕ್ಕೆ ಸೇರಿದ ಹೊಸತರಲ್ಲಿ ಬೆರಳಚ್ಚಿನ ಯಂತ್ರಗಳು ಇನ್ನೂ ಮೂಲೆಯಲ್ಲಿದ್ದವು. ಕಾರ್ಬನ್ ಇಟ್ಟು ‘ಆಫೀಸ್ ಕಾಪಿ’ ತೆಗೆಯದೆ ಹಿರಿಯ ಗುಮಾಸ್ತರು ಒಂದು ಪತ್ರವನ್ನೂ ಹೊರಡಿಸುತ್ತಿರಲಿಲ್ಲ. ಅದನ್ನು ಮೂಲದ ಜೊತೆಗೆ ಒಂದೇ ಫೈಲಿನಲ್ಲಿ ಇಡುತ್ತಲೂ ಇರಲಿಲ್ಲ. ಆಗ ಅದನ್ನು ಕಂಡು ನಗುತ್ತಿದ್ದೆವು. ಘಾನಾದ ಡಿಸ್ಕು, ಏಮ್ಸಿನ ಇನ್ನೊಂದು ಸರ್ವರ್ ಅವರ ಮಾತನ್ನೇ ಎತ್ತಿಹಿಡಿದಿವೆ. ತಿಂಗಳಿಗೊಮ್ಮೆ ನಕಲು ಮಾಡಿ; ಮಾಡಿದ ಕೂಡಲೆ ಡಿಸ್ಕನ್ನು ಕಿತ್ತು ಕಪಾಟಿನಲ್ಲಿಡಿ. ಇನ್ನೊಂದು ಪ್ರತಿ ಬೇರೆ ಊರಿನಲ್ಲಿರಲಿ. ಹೊರನಾಡಿನಲ್ಲಿ ಬಾಳುವ ನಮಗೆ ಇನ್ನೊಂದು ಊರಿಗೆ ಕೊರತೆಯೇ?

ಈಗ ಪ್ರತಿ ಮೇ ತಿಂಗಳಲ್ಲಿ ಮತ್ಸ್ಯಗಂಧ ಹಿಡಿದು ಊರಿಗೆ ಹೋಗುವಾಗ ನಮ್ಮ ಚೀಲದಲ್ಲಿ ಒಂದು ಡಿಸ್ಕು ಇರುತ್ತದೆ. ಕುಮಟೆಯ ಮನೆಯ ಮರದ ಪೆಟ್ಟಿಗೆಯಲ್ಲಿ, ಜಮೀನಿನ ಕಾಗದಪತ್ರಗಳ ಜೊತೆ ಅದನ್ನು ಇಟ್ಟು, ಹಿಂದಿನ ವರ್ಷದ್ದನ್ನು ಮರಳಿ ತರುತ್ತೇವೆ. 2022ರಲ್ಲಿ ಹೋದಾಗ ಚಿಕ್ಕಮ್ಮನನ್ನು ಕೂರಿಸಿ ಆ ಹಾಡುಗಳನ್ನು ಕೇಳಿಸಿದೆವು. ನಡುವಿನಿಂದ ಶುರುವಾದ ಅಕ್ಕನ ಧ್ವನಿಯನ್ನು ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಮೊದಲ ನುಡಿಯನ್ನು ತಾವೇ ಹೇಳಿಕೊಟ್ಟರು. ಮಗ ಅದನ್ನು ಮುದ್ರಿಸಿಕೊಂಡ. ಹೀಗೆ ಒಂಬತ್ತು ಹಾಡುಗಳಿಗೆ ತಲೆ ಸಿಕ್ಕಿತು. ಉಳಿದೆರಡರ ಮೊದಲ ನುಡಿ ಅವರಿಗೂ ನೆನಪಿಲ್ಲ, ಊರಿನಲ್ಲಿ ಬೇರೆ ಯಾರಿಗೂ ಗೊತ್ತಿಲ್ಲ.

ಬೀಗ ಬಿದ್ದ ಆ ಎರಡು ಕಡತಗಳನ್ನು ಅಳಿಸದೆ ಇಟ್ಟುಕೊಂಡಿದ್ದೇವೆ. ಕೀಲಿ ಎಂದಾದರೂ ಸಿಗಬಹುದು. ವಾಚಕ ಬಂಧುಗಳು ಮಾತ್ರ ಅಷ್ಟು ದೂರ ಕಾಯುವ ಪ್ರಸಂಗ ತಂದುಕೊಳ್ಳದೆ, ಈ ಸಂಚಿಕೆಯನ್ನು ಮಡಚಿಟ್ಟ ಕೂಡಲೆ ತಮ್ಮ ಮನೆಯ ಎರಡನೆಯ ಕೀಲಿಕೈ ಎಲ್ಲಿದೆಯೆಂದು ಒಮ್ಮೆ ನೋಡಿಕೊಂಡರೆ ಇದನ್ನು ಬರೆದದ್ದು ಸಾರ್ಥಕ.